ಪಡುವಣ ಗೋಲು

ನನ್ನ ಅಣ್ಣ ಚೆಲುವಯ್ಯ ಇಪ್ಪತ್ತೆರಡು ವರ್ಷ ಯಾವ ಪ್ರಶ್ನೆಗೂ ಹೌದು ಅಂದವನಲ್ಲ, ಇಲ್ಲ ಅಂದವನೂ ಅಲ್ಲ. ಸಾರಿಗೆ ಉಪ್ಪು ಸರಿಯಾಗಿದೆಯಾ ಅಂದರೆ "ಇರಬಹುದು." ಹೊರಗೆ ಬಿಸಿಲಿದೆಯಾ ಅಂದರೆ "ಇರಬಹುದು." ಒಮ್ಮೆ ಜನಗಣತಿಯವರು ಬಂದು ನಿಮ್ಮ ಹೆಸರು ಚೆಲುವಯ್ಯನಾ ಎಂದು ಕೇಳಿದಾಗಲೂ ಪುಣ್ಯಾತ್ಮ ಅದನ್ನೇ ಹೇಳಿದ. ನಾನು ಸಾಕಮ್ಮ, ಅವನ ಒಬ್ಬಳೇ ತಂಗಿ. ಇಬ್ಬರೂ ಸೇರಿ ಹಿಟ್ಟಿನ ಗಿರಣಿ ನಡೆಸುತ್ತೇವೆ. ಈ ಒಂದು ಪದವನ್ನು ಕೇಳಿ ಕೇಳಿ ತಲೆಕೆಟ್ಟು ಎಷ್ಟೋ ಸಲ ಅವನ ಮೇಲೆ ಸೌಟು ಎತ್ತಿದ್ದೇನೆ, ಎತ್ತಿದ್ದನ್ನು ಹಾಗೇ ಕೆಳಗಿಟ್ಟಿದ್ದೇನೆ. ಅವನು ಹಾಗಾಗಿದ್ದು ಒಂದು ಗೋಲಿನಿಂದ ಅನ್ನುವುದು ನನಗೂ ಗೊತ್ತು, ಊರಿಗೂ ಗೊತ್ತು.

ನಮ್ಮ ಊರಿನಲ್ಲಿ ನೆರಳು ಒಂದು ಗಳಿಗೆ ತಡವಾಗಿ ಬರುತ್ತದೆ. ಗಳಿಗೆ ಅಂದರೆ ಇಪ್ಪತ್ತನಾಲ್ಕು ನಿಮಿಷ, ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಈಗ ನೀವು ಬಾವಿಕಟ್ಟೆಯ ಮುಂದೆ ಹಾದುಹೋದರೆ, ಇಪ್ಪತ್ತನಾಲ್ಕು ನಿಮಿಷ ಬಿಟ್ಟು ನಿಮ್ಮ ನೆರಳು ಒಂಟಿಯಾಗಿ ಅಲ್ಲಿ ಹಾದುಹೋಗುತ್ತದೆ. ಮನೆ, ಮರ, ಕಂಬಗಳಿಗೆ ಇದರಿಂದ ತೊಂದರೆಯಿಲ್ಲ, ಅವು ನಿಂತಲ್ಲೇ ನಿಂತಿರುತ್ತವಲ್ಲ. ತೊಂದರೆಯೆಲ್ಲ ಓಡಾಡುವ ನಮಗೆ. ಕೊಡೆ ಹಿಡಿದು ನಡೆದರೆ ತಲೆಗೆ ನೆರಳು ಸಿಗುವುದಿಲ್ಲ. ಕೊಡೆ ಬಿಚ್ಚಿ ಒಂದೆಡೆ ಕೂತು ಒಂದು ಗಳಿಗೆ ಬೆವರಿದ ಮೇಲೆ ಸಿಗುತ್ತದೆ. ಪ್ರೀತಿ ಮಾಡುವವರು ಮೋಡ ಕವಿದ ದಿನ ನೋಡಿಕೊಂಡು ಭೇಟಿಯಾಗುತ್ತಾರೆ. ನಮ್ಮ ಅವ್ವ ತೀರಿಕೊಂಡ ದಿನ, ಅವಳನ್ನು ಒಳಗೆ ಚಾಪೆಯ ಮೇಲೆ ಮಲಗಿಸಿ ನಾವು ಅಳುತ್ತಿದ್ದರೆ, ಹೊರಗೆ ಅಂಗಳದಲ್ಲಿ ಅವಳ ನೆರಳು ಇನ್ನೂ ಸಂಡಿಗೆ ತಿರುವಿ ಹಾಕುತ್ತಿತ್ತು. ನಾನು ಎದ್ದು ಹೋಗಿ ಅದು ಮುಗಿಯುವವರೆಗೆ ಪಕ್ಕದಲ್ಲಿ ಕೂತಿದ್ದೆ.

ಇಂಥ ಊರಿನಲ್ಲಿ ಜಗಳಕ್ಕೆ ಸಾಕ್ಷಿ ಯಾಕೆ ಬೇಕು? "ತಡಿ, ನೆರಳು ಬರ್ಲಿ" ಅಂದರೆ ಮುಗಿಯಿತು. ಇಬ್ಬರೂ ಕೂತು ಕಾಯುತ್ತಾರೆ, ನೆರಳು ಬಂದು ನಡೆದದ್ದನ್ನು ನೆಲದ ಮೇಲೆ ಮತ್ತೊಮ್ಮೆ ನಡೆಸಿ ತೋರಿಸುತ್ತದೆ. ನೆರಳು ಯಾರ ತೀರ್ಪನ್ನು ಸುಳ್ಳು ಮಾಡುತ್ತದೋ ಅವರು ಮತ್ತೆ ಊರಿನ ಯಾವ ವಿಷಯಕ್ಕೂ ಹೌದು, ಅಲ್ಲ ಅನ್ನುವ ಹಾಗಿಲ್ಲ. ಅದು ಕಟ್ಟಳೆ. ಮೈದಾನದಲ್ಲಿ ಈ ಕೆಲಸಕ್ಕೆಂದೇ ನೆರಳು ನೋಡುವವರು ಮೂರು ಜನ ಇದ್ದಾರೆ. ಅವರಲ್ಲಿ ಹಿರಿಯ ಕರಿಬಸಪ್ಪ. ಆಟಕ್ಕೆ ಅರ್ಧ ಗಂಟೆ ಮುಂಚೆಯೇ ಬಂದು, ಬೆಂಚಿನ ಮೇಲೆ ಕಪ್ಪು ಕೊಡೆ ಬಿಚ್ಚಿ ಕೂರುವ ಮನುಷ್ಯ.

ಅಣ್ಣ ಆ ಕಾಲದಲ್ಲಿ ಫುಟ್‌ಬಾಲ್ ರೆಫರಿ. ನೆರಳಿಗೆ ಕಾಯದೆ ತೀರ್ಪು ಕೊಡುತ್ತಿದ್ದ ಒಬ್ಬನೇ ರೆಫರಿ. ಕಂಡದ್ದನ್ನು ಕಂಡ ಕ್ಷಣಕ್ಕೇ ಊದುತ್ತಿದ್ದ. ಒಂದು ಸಂಜೆ ಐದು ಗಂಟೆಗೆ, ಪಡುವಣ ಗೋಲಿನಲ್ಲಿ, ಎತ್ತರಕ್ಕೆ ಬಂದ ಚೆಂಡನ್ನು ಗೋಲು ಕಾಯುವ ಗೋಲಿ ಹಾರಿ ಈಚೆಗೆ ತಳ್ಳಿದ. ಚೆಂಡು ಗೆರೆ ದಾಟಿತ್ತು ಎಂದು ಅಣ್ಣ ಗೋಲು ಊದಿದ. ಒಂದು ಗಳಿಗೆಯ ನಂತರ ಚೆಂಡಿನ ನೆರಳು ಬಂತು. ಅದು ಗೆರೆಯ ಹತ್ತಿರಕ್ಕೂ ಹೋಗಿರಲಿಲ್ಲ, ನಾಲ್ಕು ಹೆಜ್ಜೆ ಈಚೆಯೇ ಇತ್ತು. ಕರಿಬಸಪ್ಪ ಎದ್ದು ನಿಂತು "ಸುಳ್ಳು" ಅಂದರು. ಅಷ್ಟೇ. ಅಣ್ಣ ಸೀಟಿಯನ್ನು ಟ್ರಂಕಿನಲ್ಲಿಟ್ಟ. ಅವತ್ತಿನಿಂದ ಮೈದಾನದ ಕಡೆ ಹೋಗಿರಲಿಲ್ಲ, "ಇರಬಹುದು" ಬಿಟ್ಟು ಬೇರೆ ಉತ್ತರ ಕೊಟ್ಟಿರಲಿಲ್ಲ. ಮದುವೆಗೆ ನೋಡಿದ್ದ ಹೆಣ್ಣಿನ ಅಪ್ಪ ಬಂದು ಒಪ್ಪಿಗೆಯಾ ಎಂದು ಕೇಳಿದಾಗಲೂ ಅದನ್ನೇ ಹೇಳಿದ್ದ. ಅವರು ಎದ್ದು ಹೋದರು.

ಅಣ್ಣನ ಗತಿ ನೋಡಿದ ಮೇಲೆ ಕಾಯದೆ ಊದುವ ಧೈರ್ಯ ಯಾರಿಗಿದೆ? ಪ್ರತಿ ಫೌಲಿಗೂ ಆಟ ನಿಲ್ಲಿಸಿ ನೆರಳಿಗೆ ಕಾದರು. ಬೆಳಗ್ಗೆ ತಿಂಡಿ ತಿಂದು ಶುರುಮಾಡಿದ ಆಟ ಸಂಜೆಯಾದರೂ ಮೊದಲರ್ಧ ದಾಟುತ್ತಿರಲಿಲ್ಲ. ಬೇಸತ್ತ ಮಕ್ಕಳು ಫುಟ್‌ಬಾಲನ್ನು ಟೀವಿಯೊಳಗೆ ಆಡತೊಡಗಿದರು. ಹಿಟ್ಟಿಗೆ ಕಾಯುವ ಗಿರಾಕಿಗಳು ನನ್ನ ತಲೆ ತಿನ್ನದಿರಲಿ ಎಂದು ನಾನೇ ಗಿರಣಿಯ ಪಡಸಾಲೆಯಲ್ಲಿ ಎರಡು ವಿಡಿಯೊ ಗೇಮ್ ಪೆಟ್ಟಿಗೆ ಹಾಕಿಸಿದ್ದೆ. ಆನ್‌ಲೈನ್ ಆಟ. ಆ ಕಡೆ ಎಲ್ಲೋ ಕೂತ ಗುರುತಿಲ್ಲದವರು, ಈ ಕಡೆ ರಾಗಿ ಚೀಲ ಪಕ್ಕಕ್ಕಿಟ್ಟ ನಮ್ಮವರು. ಪರದೆಯ ಮೇಲಿನ ಆಟಗಾರರ ನೆರಳು ಅವರ ಕಾಲಿಗೇ ಅಂಟಿಕೊಂಡು ಓಡುವುದನ್ನು ನೋಡಿ ಮೊದಮೊದಲು ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕಿದ್ದರು. "ಥೂ, ಒಂದ್ ಗಳಿಗೆನೂ ಬಿಟ್ಟಿರಲ್ವಲ್ಲೇ ಇವು!" ಎಂದು ಒಬ್ಬಾಕೆ ಅಸಹ್ಯಪಟ್ಟುಕೊಂಡು ಹಿಟ್ಟು ಮರೆತು ಹೋಗಿದ್ದಳು.

ಪಂಕ್ಚರ್ ಅಂಗಡಿಯ ಮುಬೀನಾ ಆ ಆಟದಲ್ಲಿ ಪಳಗಿದವಳು. ಹತ್ತೊಂಬತ್ತು ವರ್ಷ, ಟೈರು ಬಿಚ್ಚಿ ಬಿಚ್ಚಿ ಗಟ್ಟಿಯಾದ ತೋಳು. ಪರದೆಯಲ್ಲಿ ಕಲಿತದ್ದನ್ನು ಮೈದಾನಕ್ಕೆ ತಂದು ಹುಡುಗಿಯರ ತಂಡ ಕಟ್ಟಿದ್ದಳು. ಮೂರು ವರ್ಷ ಅರ್ಜಿ ಹಾಕಿದ ಮೇಲೆ ಲೀಗ್‌ನಿಂದ ಕಾಗದ ಬಂತು. ನಿಮ್ಮ ತಂಡಕ್ಕೆ ಜಾಗ ಕೊಡುತ್ತೇವೆ, ಆದರೆ ನಿಮ್ಮ ಊರಿನದೇ ಒಬ್ಬ ಸರ್ಟಿಫಿಕೇಟ್ ಪಡೆದ ರೆಫರಿ ಇರಬೇಕು, ತೀರ್ಪು ಆ ಕ್ಷಣಕ್ಕೇ ಆಗಬೇಕು, ಆಟ ತೊಂಬತ್ತು ನಿಮಿಷಕ್ಕೆ ಮುಗಿಯಬೇಕು. ಮೂರು ತಿಂಗಳೊಳಗೆ ಆಗದಿದ್ದರೆ ಜಾಗ ಬೇರೆ ಊರಿಗೆ.

ಮುಬೀನಾ ಕಾಗದ ಹಿಡಿದು ನೇರ ಗಿರಣಿಗೆ ಬಂದಳು. "ಸಾಕಕ್ಕ, ನೀವೇ ರೆಫರಿ ಆಗ್ಬೇಕು."

"ನಿಂಗೇನಾದ್ರೂ ತಲೆ ಕೆಟ್ಟಿದ್ಯೇನೇ? ನಂಗೆ ನಲವತ್ಮೂರು. ಮಂಡಿ ಲಟಲಟ ಅನ್ನುತ್ತೆ."

"ಗಿರಣಿ ಸದ್ದಿನ ಮೇಲೂ ಕೇಳೋ ಗಂಟಲು ಊರಲ್ಲಿ ನಿಮ್ದೊಂದೇ. ಗೇಮಲ್ಲಿ ನಾವು ಕಿತ್ತಾಡಿದ್ರೆ ಬಿಡಿಸೋದೂ ನೀವೇ. ಟ್ರೈನಿಂಗು ಆನ್‌ಲೈನಲ್ಲೇ ಕೊಡ್ತಾರಂತೆ, ಇಲ್ಲೇ ಕೂತು ಕಲೀಬೋದು." ಆಮೇಲೆ ಅವಳ ದನಿ ಇಳಿಯಿತು. "ಅಕ್ಕ, ಈ ಜಾಗ ಹೋದ್ರೆ ನಮ್ಮನ್ನ ಇನ್ಯಾರೂ ಕರೆಯಲ್ಲ. ಹನ್ನೊಂದು ಜನಾನೂ ಚದುರಿಹೋಗ್ತೀವಿ."

ನಾನು ಒಳಗೆ ನೋಡಿದೆ. ಅಣ್ಣ ಬೆನ್ನು ತಿರುಗಿಸಿ ಗೋಧಿ ಸುರಿಯುತ್ತಿದ್ದ. "ಏನಣ್ಣಾ, ಒಪ್ಕೊಳ್ಳಲಾ?" ಎಂದು ಕೂಗಿದೆ. ಉತ್ತರ ಏನು ಬಂತೆಂದು ಹೇಳಬೇಕಾಗಿಲ್ಲ. ನನಗೆ ರೇಗಿತು. ಆ ರೇಗಿನಲ್ಲೇ ಒಪ್ಪಿಕೊಂಡೆ.

ಕಲಿಸುವವರು ಲೋಬೊ ಸರ್. ಕಡಲ ಕಡೆಯವರು, ನಾನು ಅವರ ಮುಖವನ್ನು ಇವತ್ತಿಗೂ ಎದುರಿಗೆ ಕಂಡಿಲ್ಲ. ತರಬೇತಿ ನಡೆಯುತ್ತಿದ್ದದ್ದು ಅದೇ ಆನ್‌ಲೈನ್ ಆಟದಲ್ಲಿ. ಎಲ್ಲೋ ಇಬ್ಬರು ಆಡುತ್ತಿದ್ದರು, ಆಟದೊಳಗೆ ರೆಫರಿಯಾಗಿ ಓಡುವುದು ನನ್ನ ಕೆಲಸ. ಹಸಿರು ಗುಂಡಿ ಒತ್ತಿದರೆ ಸೀಟಿ. ಲೋಬೊ ಸರ್ ಎಲ್ಲವನ್ನೂ ನೋಡುತ್ತಾ ನನ್ನ ಕಿವಿಯೊಳಗೆ ಮಾತಾಡುತ್ತಿದ್ದರು. ಮೊದಲ ದಿನವೇ ಒಬ್ಬ ಇನ್ನೊಬ್ಬನ ಕಾಲಿಗೆ ಅಡ್ಡ ಬಿದ್ದ. ನಾನು ಗುಂಡಿಯ ಮೇಲೆ ಬೆರಳಿಟ್ಟು ಕೂತೆ.

"ಸಾಕಮ್ಮನವರೇ, ನಿಮ್ಮ ನೆಟ್ ಹೋಯ್ತಾ?"

"ಇಲ್ಲ ಸರ್. ಕಾಯ್ತಾ ಇದೀನಿ."

"ಎಂತಕ್ಕೆ?"

"ನೆರಳು ಬರ್ಲಿ ಅಂತ."

"ನೋಡಿ, ನಿಮ್ಮ ಊರಿನ ಮಾತು ನಂಗೆ ಅರ್ಥ ಆಗುದಿಲ್ಲ. ಆದ್ರೆ ಒಂದು ಹೇಳ್ತೇನೆ. ರೆಫರಿಗೆ ಇರುದು ಒಂದೇ ಸೆಕೆಂಡು. ನೋಡುದು, ಊದುದು. ತಪ್ಪಾದ್ರೆ ತಪ್ಪು, ಆಮೇಲೆ ಒಪ್ಪಿಕೊಳ್ಳುವ. ಊದದೆ ನಿಲ್ಲುದು ಮಾತ್ರ ಬೇಡ ಮಾರಾಯ್ರೆ."

ಹೇಳುವುದು ಸುಲಭ. ನಲವತ್ಮೂರು ವರ್ಷ ಕಾಯುವುದನ್ನೇ ಕಲಿತ ಬೆರಳು ಅದು. ಮೊದಲ ವಾರ ಹತ್ತಕ್ಕೆ ಎಂಟು ಸಲ ತಡವಾಗಿ ಊದಿದೆ. ಗಿರಾಕಿಗಳು ಹಿಂದೆ ನಿಂತು "ಒತ್ತೇ ಸಾಕಮ್ಮ, ಒತ್ತೇ!" ಎಂದು ಕೂಗುವರು, ಒತ್ತಿದ ಮೇಲೆ "ಅಯ್ಯೋ, ಯಾಕೆ ಒತ್ತಿದೆ?" ಅನ್ನುವರು. ಮೂರನೇ ವಾರಕ್ಕೆ ಐದು ಸಲ, ಐದನೇ ವಾರಕ್ಕೆ ಎರಡು ಸಲ. ರಸ್ತೆಯಲ್ಲಿ ಹೋಗುವಾಗಲೂ ಸೈಕಲ್ಲಿಗೆ ಸೈಕಲ್ಲು ತಗುಲಿದರೆ ನನ್ನ ಹೆಬ್ಬೆರಳು ತಾನಾಗಿಯೇ ಮಡಚಿಕೊಳ್ಳತೊಡಗಿತು. ಅಣ್ಣ ಗಿರಣಿಯೊಳಗಿಂದ ನೋಡುತ್ತಿದ್ದ.

ಏಳನೇ ವಾರ ಆ ಚೆಂಡು ಬಂತು. ಆಟದೊಳಗೆ ಸಂಜೆ, ಸೂರ್ಯ ಗೋಲಿನ ಹಿಂದೆ ಇಳಿದಿದ್ದ. ಯಾರೋ ಎತ್ತಿ ಒದ್ದರು, ಗೋಲಿ ಹಾರಿ ಚೆಂಡನ್ನು ಈಚೆಗೆ ತಳ್ಳಿದ. ನನ್ನ ಕಣ್ಣು, ಹುಟ್ಟಿದ ಊರಿನ ಕಣ್ಣು ತಾನೇ, ನೆಲಕ್ಕೇ ಹೋಯಿತು. ಚೆಂಡಿನ ನೆರಳು ಗೆರೆಯಿಂದ ಈಚೆ ಇತ್ತು. ನಾನು ಊದಲಿಲ್ಲ.

"ಗೋಲು ಕೊಡ್ಲಿಲ್ಲ ಎಂತಕ್ಕೆ?" ಅಂದರು ಲೋಬೊ ಸರ್.

"ನೆರಳು ಈಚೆ ಇತ್ತಲ್ಲ ಸರ್."

"ನೆರಳಿಗೆ ಯಾರಾದ್ರೂ ಗೋಲು ಕೊಡ್ತಾರಾ? ತಡೀರಿ, ಬದಿಯಿಂದ ತೋರಿಸ್ತೇನೆ." ಪರದೆ ತಿರುಗಿತು. ಚೆಂಡು ಗೆರೆಯಿಂದ ಒಂದು ಮೊಳ ಒಳಗೆ, ಗಾಳಿಯಲ್ಲಿತ್ತು. ಅದರ ನೆರಳು ಗೆರೆಯಿಂದ ನಾಲ್ಕು ಹೆಜ್ಜೆ ಈಚೆ, ಹುಲ್ಲಿನ ಮೇಲಿತ್ತು. ಎರಡೂ ಒಟ್ಟಿಗೆ, ಒಂದೇ ಕ್ಷಣದಲ್ಲಿ. "ಸೂರ್ಯ ಹಿಂದೆ ಉಂಟು, ಚೆಂಡು ಮೇಲೆ ಉಂಟು. ನೆರಳು ಮುಂದೆಯೇ ಬೀಳುದು. ಸಣ್ಣ ಮಕ್ಕಳಿಗೂ ಗೊತ್ತುಂಟು."

ಅವರ ಕಡೆಯ ಮಕ್ಕಳಿಗೆ ಗೊತ್ತಿರಬಹುದು. ನಮಗೆ ಯಾರಿಗೆ ಗೊತ್ತು? ಹಾರುವ ಚೆಂಡನ್ನೂ ಅದರ ನೆರಳನ್ನೂ ಮೈದಾನದಲ್ಲಿ ಒಟ್ಟಿಗೆ ಕಂಡ ಒಂದು ನರಪಿಳ್ಳೆ ನಮ್ಮ ಊರಿನಲ್ಲಿಲ್ಲ, ಗೇಮಿನಲ್ಲಿ ಕಂಡರೂ ಹೀಗೆ ಬದಿಯಿಂದ ನೋಡಿದವರಿಲ್ಲ. ನೆರಳು ಬರುವ ಹೊತ್ತಿಗೆ ಚೆಂಡು ಎಲ್ಲಿಗೋ ಹೋಗಿರುತ್ತದೆ. ಪಡುವಣ ಗೋಲು, ಸಂಜೆ ಐದು ಗಂಟೆ. "ಅಣ್ಣಾ!" ಎಂದು ಕಿರುಚಿದೆ. ಅವನು ಹಿಟ್ಟಿನ ಕೈಯಲ್ಲೇ ಓಡಿಬಂದ. ನಾನು ಲೋಬೊ ಸರ್ ಹತ್ತಿರ ಕಾಡಿ ಬೇಡಿ ಅದನ್ನು ಏಳು ಸಲ ತೋರಿಸಿದೆ. ಅಣ್ಣ ಪರದೆಗೆ ಮೂಗು ತಾಗುವಷ್ಟು ಹತ್ತಿರ ನಿಂತು ನೋಡಿದ.

"ಚೆಂಡು ಒಳಗಿದೆ ತಾನೇ? ಹೇಳಣ್ಣ."

"ಇರಬಹುದು," ಅಂದ. ಆದರೆ ಒಳಗೆ ಗೋಧಿ ಮುಗಿದು ಕಲ್ಲಿಗೆ ಕಲ್ಲು ಉಜ್ಜಿ ಸುಟ್ಟ ವಾಸನೆ ಬರುವವರೆಗೂ ಅವನು ಅಲ್ಲಿಂದ ಕದಲಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಅವನು ಗಿರಣಿಯನ್ನು ಹಾಗೆ ಮರೆತದ್ದು ಅದೇ ಮೊದಲು. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು.

ಮರುದಿನ ಕರಿಬಸಪ್ಪನವರ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಅವರು ಎಲೆಗೆ ಸುಣ್ಣ ಹಚ್ಚುತ್ತಾ ಕೇಳಿಸಿಕೊಂಡರು. "ಗೇಮ್ ಪೆಟ್ಗೆ ಮಾತು ಕಟ್ಕೊಂಡು ಊರಿನ ನೆರಳನ್ನ ಸುಳ್ಳು ಅಂತೀಯೇನಮ್ಮ? ನೀನು ರೆಫರಿ ಆಗೋದು ಬೇಡ ಅನ್ನಲ್ಲ. ಆದ್ರೆ ನಿನ್ನ ತೀರ್ಪಲ್ಲಿ ಒಂದು, ಒಂದೇ ಒಂದು, ನೆರಳಿಗೆ ವಿರುದ್ಧ ಬಂದ್ರೂ ಮೈದಾನಕ್ಕೆ ಬೀಗ ಹಾಕಿಸ್ತೀನಿ. ನಿನ್ ಬಾಯಿಗೂ ಅದೇ ಕಟ್ಟಳೆ." ಮೈದಾನಕ್ಕೆ ಬೀಗ ಬಿದ್ದರೆ ಲೀಗ್ ಎಲ್ಲಿ, ಮುಬೀನಾಳ ತಂಡ ಎಲ್ಲಿ? ಆಯಿತು ಎಂದು ಎದ್ದು ಬಂದೆ. ಬೇರೆ ದಾರಿ ಏನಿತ್ತು?

ಕೊನೆಯ ಪರೀಕ್ಷೆ ನಿಜವಾದ ಆಟ. ನಮ್ಮ ಹುಡುಗಿಯರ ಮೇಲೆ ಆಡಲು ಕೆರೆಯಾಚೆಯ ಊರಿನ ತಂಡ ಬಂತು. ಗೋಲಿನ ಪಕ್ಕ ಬಿದಿರು ನೆಟ್ಟು ಫೋನು ಕಟ್ಟಿದೆವು, ಲೋಬೊ ಸರ್ ಅದರಲ್ಲಿ ನೋಡುವವರು. ನಾನು ಅಣ್ಣನ ಟ್ರಂಕಿನಿಂದ ಹಳೆಯ ಸೀಟಿ ತೆಗೆದು, ತೊಳೆದು, ಕತ್ತಿಗೆ ಹಾಕಿಕೊಂಡೆ. "ಬರ್ತೀಯಾ?" ಎಂದು ಕೇಳಿದೆ. "ಬರಬಹುದು," ಅಂದ. ಹೊಸ ಪದ ಕೇಳಿ ನಾನು ಬಾಗಿಲಲ್ಲೇ ಒಂದು ಕ್ಷಣ ನಿಂತೆ.

ಮೂರೂವರೆಗೆ ಆಟ ಶುರುವಾಯಿತು. ಇಪ್ಪತ್ತನಾಲ್ಕು ನಿಮಿಷ ಕಳೆದು ಆಟದ ಮೊದಲ ನೆರಳುಗಳು ಮೈದಾನಕ್ಕೆ ಇಳಿದಾಗ ಹೊರಗಿನ ಹುಡುಗಿಯರು ಚೀರಿ ಒಬ್ಬರನ್ನೊಬ್ಬರು ತಬ್ಬಿಕೊಂಡರು. "ಏನೂ ಮಾಡಲ್ಲ ಬನ್ರೇ, ತುಳ್ಕೊಂಡು ಓಡಿ," ಎಂದು ಮುಬೀನಾ ಸಮಾಧಾನ ಮಾಡಿದಳು. ನಾನು ಕಂಡದ್ದನ್ನು ಕಂಡ ಕ್ಷಣಕ್ಕೇ ಊದುತ್ತಾ ಹೋದೆ. ಪ್ರತಿ ತೀರ್ಪಿನ ನೆರಳೂ ಬಂದು ಬಂದು ನನ್ನದೇ ಸರಿ ಎಂದು ತೋರಿಸುತ್ತಿತ್ತು. ಕರಿಬಸಪ್ಪ ಕೊಡೆಯ ಕೆಳಗೆ ತಲೆಯಾಡಿಸುತ್ತಿದ್ದರು. ಒಂದಕ್ಕೆ ಒಂದು ಗೋಲು, ಆಟ ಮುಗಿಯಲು ನಾಲ್ಕೇ ನಿಮಿಷ. ಸಮನಾದರೂ ಸಾಕು, ಎಲ್ಲವೂ ಸುಸೂತ್ರ ಎಂದುಕೊಂಡೆ.

ಆಗ ಹೊರಗಿನವರ ಒಬ್ಬ ಹುಡುಗಿ ಪಡುವಣ ಗೋಲಿಗೆ ಎತ್ತಿ ಒದ್ದಳು. ಮಂಡಿಯನ್ನು ಮರೆತು ಗೆರೆಯ ಬದಿಗೆ ಓಡಿದೆ. ಚೆಂಡು ನಮ್ಮ ಗೋಲಿಯ ತಲೆಯ ಮೇಲಿಂದ ಗೆರೆ ದಾಟಿತು, ಪೂರ್ತಿ ದಾಟಿತು, ಒಂದು ಮೊಳ ಒಳಗೆ. ಅವಳು ಹಿಂದಕ್ಕೆ ಬಾಗಿ ಅದನ್ನು ಈಚೆಗೆ ತಳ್ಳಿದಳು. ಊದದಿದ್ದರೆ ನೆರಳು ನನ್ನ ಪರ, ಊರು ನನ್ನ ಪರ, ಮೈದಾನ ತೆರೆದೇ ಇರುತ್ತಿತ್ತು. ಊರಿನಲ್ಲಿ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ನನಗೆ ಗೊತ್ತಿತ್ತಲ್ಲ. ಅಣ್ಣನ ಸೀಟಿ ಬಾಯಲ್ಲಿತ್ತು. ಊದಿದೆ. ಗೋಲು, ಎದುರಾಳಿಗೆ.

"ಸಾಕಕ್ಕಾ! ಏನ್ ಮಾಡ್ಬಿಟ್ರಿ!" ಮುಬೀನಾ ತಲೆಯ ಮೇಲೆ ಕೈಹೊತ್ತು ನಿಂತಳು. "ಕಂಡಿದ್ದು ಊದ್ದೆ ಕಣೇ. ಆಡು," ಅಂದೆ. ಎರಡಕ್ಕೆ ಒಂದರಲ್ಲಿ ಸೋತರು. ಆಟ ಮುಗಿದರೂ ಯಾರೂ ಕದಲಲಿಲ್ಲ. ನಮ್ಮಲ್ಲಿ ಕೊನೆಯ ನೆರಳು ಬರುವವರೆಗೆ ಯಾರೂ ಮನೆಗೆ ಹೋಗುವುದಿಲ್ಲ. ಹೊತ್ತಾಯಿತು. ಹುಡುಗಿಯರ ನೆರಳುಗಳು ಓಡಿ ಬಂದವು, ಗೋಲಿಯ ನೆರಳು ಹಾರಿತು, ಚೆಂಡಿನ ನೆರಳು ಗೆರೆಯಿಂದ ನಾಲ್ಕು ಹೆಜ್ಜೆ ಈಚೆಗೇ ಬಂದು ಹಿಂದಿರುಗಿತು. ಜನ ಹೋ ಎಂದರು. ಕರಿಬಸಪ್ಪ ಎದ್ದು ನಿಂತರು, ಕೈಯಲ್ಲಿ ಬೀಗ. "ಅಣ್ಣನಂತೆ ತಂಗಿ," ಅಂದರು.

"ಹೌದು, ಅಣ್ಣನಂತೆಯೇ!" ನನ್ನ ಗಂಟಲು ಗಿರಣಿಯ ಸದ್ದನ್ನು ಮೀರುವ ಗಂಟಲು, ಇಡೀ ಮೈದಾನಕ್ಕೆ ಕೇಳಿಸಿತು. "ಬೀಗ ಆಮೇಲೆ ಹಾಕಿ. ನಂಗೊಂದು ಗಳಿಗೆ ಕೊಡಿ. ಯಾರಾದ್ರೂ ಬಂದು ಗೋಲಿನೊಳಗೆ ಈ ಚೆಂಡು ಎತ್ತಿ ಹಿಡ್ಕೊಳ್ಳಿ ಸಾಕು."

ಯಾರೂ ಬರಲಿಲ್ಲ. ನೆರಳಿಗೆ ಎದುರು ನಿಲ್ಲುವವರು ಯಾರು? ಅಷ್ಟರಲ್ಲಿ ಗೇಟಿನ ಹತ್ತಿರ ಜನ ಸರಿದರು. ಅಣ್ಣ ಬರುತ್ತಿದ್ದ. ಅಂಗಿಯ ತುಂಬ ಹಿಟ್ಟು. ಎಷ್ಟು ಹೊತ್ತಿನಿಂದ ಗೇಟಿನಾಚೆ ನಿಂತಿದ್ದನೋ. ಯಾರ ಮುಖವನ್ನೂ ನೋಡದೆ ಪಡುವಣ ಗೋಲಿನೊಳಗೆ ಹೋಗಿ, ಗೆರೆಯಿಂದ ಒಂದು ಮೊಳ ಹಿಂದೆ ನಿಂತು, ಚೆಂಡನ್ನು ಎರಡೂ ಕೈಯಲ್ಲಿ ತಲೆಯ ಮೇಲೆತ್ತಿ ಹಿಡಿದ. ಮುಬೀನಾ ನನ್ನ ಮುಖ ನೋಡಿದಳು. ಅವಳಿಗೆ ಏನು ಹೊಳೆಯಿತೋ, ಎರಡೂ ಬೂಟಿನ ಲೇಸು ಬಿಚ್ಚಿ ಗಂಟು ಹಾಕಿ, ತುದಿಗೊಂದು ಕಲ್ಲು ಕಟ್ಟಿ, ಮೇಲಿನ ತುದಿಯನ್ನು ಚೆಂಡಿನ ಮುಂಭಾಗಕ್ಕೆ ಒತ್ತಿ ಅಣ್ಣನ ಬೆರಳಿಗೆ ಸಿಕ್ಕಿಸಿದಳು. ಕಲ್ಲು ನೇರ ಕೆಳಗೆ ತೂಗಿತು.

"ಕರಿಬಸಪ್ಪನೋರೇ, ಹತ್ರ ಬಂದು ನೋಡಿ. ಚೆಂಡು ಗೆರೆ ಒಳಗಿದ್ಯಾ, ಹೊರಗಿದ್ಯಾ?"

ಅವರು ಬಗ್ಗಿ ಕಲ್ಲನ್ನು ಮುಟ್ಟಿ ನೋಡಿದರು. "ಒಳಗಿದೆ. ಅದರಲ್ಲೇನು?"

"ಅಷ್ಟೇ. ಈಗ ಕೂತ್ಕೊಳ್ಳಿ, ನೆರಳು ಬರ್ಲಿ."

ಅಣ್ಣ ಕೈ ಸೋಲುವವರೆಗೆ ಹಿಡಿದು ನಿಂತ. ಆಮೇಲೆ ಚೆಂಡು ಕೆಳಗಿಟ್ಟು ನನ್ನ ಪಕ್ಕ ಹುಲ್ಲಿನ ಮೇಲೆ ಕೂತ. ಮುಬೀನಾ ಲೇಸಿಲ್ಲದ ಬೂಟಿನಲ್ಲೇ ಬಂದು ಅವನ ಆ ಬದಿ ಕೂತಳು. ಊರಿಗೆ ಊರೇ ಖಾಲಿ ಗೋಲನ್ನು ನೋಡುತ್ತಾ ಕೂತಿತು. ಸರಿಯಾಗಿ ಒಂದು ಗಳಿಗೆಗೆ ಅಣ್ಣನ ನೆರಳು ಬಂತು. ಇಪ್ಪತ್ತೆರಡು ವರ್ಷಗಳ ನಂತರ ಆ ಮೈದಾನದ ಮೇಲೆ ಅವನ ನೆರಳು. ಗೋಲಿನೊಳಗಿಂದ ಹೊರಟು, ಗೆರೆ ದಾಟಿ, ಉದ್ದಕ್ಕೆ ಚಾಚಿಕೊಂಡಿತು. ಅದರ ಕೈಯಲ್ಲಿದ್ದ ಚೆಂಡಿನ ನೆರಳು ಗೆರೆಯಿಂದ ಎಷ್ಟೋ ಹೆಜ್ಜೆ ಈಚೆ, ಸರಿಯಾಗಿ ಕರಿಬಸಪ್ಪನವರ ಪಾದದ ಮೇಲೆ ಬಿದ್ದಿತ್ತು.

ಅವರು ಪಾದ ಹಿಂದಕ್ಕೆಳೆದುಕೊಂಡರು. ತುಂಬ ಹೊತ್ತು ಆ ಕಪ್ಪು ಗುಂಡನ್ನೇ ನೋಡಿದರು. "ಕಂಬದ ನೆರಳು ಉದ್ದ ಬೀಳೋದು ದಿನಾ ನೋಡ್ತಿದ್ವಿ," ಎಂದು ಗೊಣಗಿದರು. "ಚೆಂಡಿಗೆ ಯಾಕೆ ಹೊಳೀಲಿಲ್ವೋ." ಮೆಲ್ಲಗೆ ನಡೆದು ಬಂದು ಅಣ್ಣನ ಮುಂದೆ ನಿಂತರು. ಬೀಗ ಇನ್ನೂ ಕೈಯಲ್ಲೇ ಇತ್ತು. "ಚೆಲುವಯ್ಯ. ಅವತ್ತು... ಅವತ್ತು ಅದು ಗೋಲೇನಪ್ಪಾ?"

ಅಣ್ಣ ತಲೆಯೆತ್ತಿದ. ತುಟಿ ಎರಡು ಸಲ ಆಡಿತು. ಹಾಳಾದ ಆ ಪದ ಈಗ ಮಾತ್ರ ಬೇಡ, ದೇವರೇ.

"ಗೋಲು," ಅಂದ.

ಮೊದಲು ಮುಬೀನಾ ಕೂಗಿದಳು, ಆಮೇಲೆ ಸೋತ ತಂಡವೆಲ್ಲ ಗೆದ್ದವರಂತೆ ಕುಣಿಯಿತು. ಬಿದಿರಿನ ಮೇಲಿನ ಫೋನಿನಿಂದ ಲೋಬೊ ಸರ್ ಕೂಗುತ್ತಿದ್ದದ್ದು ಎಷ್ಟೋ ಹೊತ್ತಿನ ಮೇಲೆ ಕೇಳಿಸಿತು. "ಸಾಕಮ್ಮನವರೇ, ನೀವು ಪಾಸು! ಸ್ವಂತ ಊರಿನ ಮೇಲೆ ಗೋಲು ಊದಿದ್ರಿ ಅಲ್ಲ, ಅದಕ್ಕೆ ಧೈರ್ಯ ಬೇಕು. ಆದ್ರೆ ನಿಮ್ಮ ನೆಟ್ ಒಮ್ಮೆ ರಿಪೇರಿ ಮಾಡಿಸಿ ಆಯ್ತಾ. ಮನುಷ್ಯರು ಹೋಗಿ ಅರ್ಧ ಗಂಟೆಗೆ ನೆರಳು ಬರ್ತಾ ಉಂಟು ಮಾರಾಯ್ರೆ!"

ಕರಿಬಸಪ್ಪ ಬೀಗವನ್ನು ಜೇಬಿಗೆ ಹಾಕಿಕೊಂಡು ಹೋದರು. ಮುಂದಿನ ತಿಂಗಳು ಲೀಗ್‌ನ ಮೊದಲ ಆಟ, ನಮ್ಮ ಮೈದಾನದಲ್ಲೇ. ಮುಬೀನಾ ದಿನಾ ಬೆಳಗ್ಗೆ ಗಿರಣಿಯ ಮುಂದೆ ಬಂದು ಅಣ್ಣನನ್ನು ಕಾಡುತ್ತಾಳೆ, ನಮ್ಮ ಗೋಲಿ ಹುಡುಗಿಗೆ ಎತ್ತರದ ಚೆಂಡು ಹಿಡಿಯುವುದನ್ನು ಹೇಳಿಕೊಡಿ ಎಂದು.

ಆಟದ ಮರುದಿನ ಮಧ್ಯಾಹ್ನ ಊಟಕ್ಕೆ ಕೂತಾಗ ನಾನು ಅಭ್ಯಾಸದ ಮೇಲೆ ಕೇಳಿದೆ, ಉತ್ತರಕ್ಕೆ ಕಾಯದೆ ಪಲ್ಯ ಬಡಿಸುತ್ತಾ: "ಸಾರಿಗೆ ಉಪ್ಪು ಸರಿಯಾಗಿದ್ಯಾ?"

"ಇಲ್ಲ," ಅಂದ ಅಣ್ಣ. "ಜಾಸ್ತಿಯಾಗಿದೆ."

ಸೌಟು ಕೈಯಲ್ಲೇ ನಿಂತಿತು. ಒಂದು ತೊಟ್ಟು ಅಂಗೈಗೆ ಹಾಕಿಕೊಂಡು ನೆಕ್ಕಿ ನೋಡಿದೆ. ಉಪ್ಪು ಸರಿಯಾಗಿಯೇ ಇತ್ತು, ದೇವರಾಣೆಗೂ ಸರಿಯಾಗಿತ್ತು. ಆದರೆ ರೆಫರಿ ಹೇಳಿದ ಮೇಲೆ ಮುಗಿಯಿತಲ್ಲ. ಕಣ್ಣೊರೆಸಿಕೊಂಡು ಒಳಗೆ ಹೋಗಿ, ಬಿಸಿನೀರು ತಂದು ಸಾರಿಗೆ ಸುರಿದೆ.